ಮೊಲಕ್ಕೆ ಎಷ್ಟು ಕಾಲು?

"ಕೊನೇ ಸಲ ಹಿಕ್ಕೆ ಹಾಕಿದ್ದು ಯಾವಾಗ?"

ಹೋದ ವರ್ಷ ಏಪ್ರಿಲ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಡಾಕ್ಟರೊಬ್ಬರು ನನ್ನನ್ನು ಕೇಳಿದ ಪ್ರಶ್ನೆ ಇದು. ಗಾಬರಿಯಾಗಬೇಡಿ, ಕೇಳಿದ್ದು ನನ್ನ ಬಗ್ಗೆ ಅಲ್ಲ. ಅವರ ಮೇಜಿನ ಮೇಲೆ ಟವೆಲ್ ಸುತ್ತಿಸಿಕೊಂಡು ಕೂತಿದ್ದ ಇಡ್ಲಿಯ ಬಗ್ಗೆ. ಇಡ್ಲಿ ನನ್ನ ಮೊಲ. ಬೆಳ್ಳಗೆ, ದುಂಡಗೆ, ಮೆತ್ತಗೆ ಇದ್ದದ್ದಕ್ಕೆ ಆ ಹೆಸರು. ಒಂದೂವರೆ ವರ್ಷದಿಂದ ನನ್ನ ಜೊತೆ ಎರಡು ರೂಮಿನ ಫ್ಲ್ಯಾಟಿನಲ್ಲಿತ್ತು. ಫೋನಿನಲ್ಲಿ ಅದರ ನಾನೂರಕ್ಕೂ ಹೆಚ್ಚು ಫೋಟೋ ಇದ್ದವು. ಆದರೆ ಅದು ಕೊನೆಯ ಸಲ ಹಿಕ್ಕೆ ಹಾಕಿದ್ದು ಭಾನುವಾರವೋ ಶನಿವಾರವೋ, ನನಗೆ ಗೊತ್ತಿರಲಿಲ್ಲ.

ಹಿಂದಿನ ದಿನ ಸಂಜೆ ಅದು ಸೋಫಾ ಕೆಳಗೆ ಮುದುಡಿಕೊಂಡು ಕೂತಿತ್ತು. ಕೊತ್ತಂಬರಿ ಹಿಡಿದರೆ ಮೂಸಲೂ ಇಲ್ಲ. ಸೆಕೆಗೆ ಸುಸ್ತಾಗಿರಬೇಕು ಅಂದುಕೊಂಡೆ. ಮಾರನೇ ದಿನ ಆಫೀಸಿನಲ್ಲಿ ದೊಡ್ಡ ರಿಲೀಸ್ ಇತ್ತು, ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ನಿಜ ಹೇಳಬೇಕೆಂದರೆ, ಅದು ವೈರ್ ಕಚ್ಚದೆ, ಮ್ಯಾಟ್ ಕೆರೆಯದೆ ಸುಮ್ಮನೆ ಕೂತಿದ್ದು ಒಳ್ಳೇದೇ ಆಯ್ತು ಅನ್ನಿಸಿತ್ತು. ಬೆಳಿಗ್ಗೆ ಎದ್ದಾಗಲೂ ಅದೇ ಜಾಗದಲ್ಲಿ ಕೂತು ಕಟಕಟ ಹಲ್ಲು ಕಡಿಯುತ್ತಿತ್ತು. ಹತ್ತಿರದ ಕ್ಲಿನಿಕ್ಕಿನಲ್ಲಿ "ನಾಯಿ, ಬೆಕ್ಕು ಮಾತ್ರ ನೋಡ್ತೀವಿ, ಮೊಲ ಗೊತ್ತಿಲ್ಲ" ಅಂದರು. ಗೊತ್ತಿಲ್ಲ ಎಂದು ಹೇಳಿದ ಆ ಡಾಕ್ಟರಿಗೆ ನಾನು ಇವತ್ತಿಗೂ ಕೃತಜ್ಞಳು. ಯಾಕೆಂದರೆ ನಾಯಿ ಬೆಕ್ಕಿಗೆ ಕೊಡುವ ಮದ್ದೆಲ್ಲ ಮೊಲಕ್ಕೆ ಆಗಿಬರುವುದಿಲ್ಲ. ನಾವು ನೆಗಡಿ ಕೆಮ್ಮಿಗೆ ನುಂಗುವ ಅಮಾಕ್ಸಿಸಿಲಿನ್ ಬಾಯಿಯ ಮೂಲಕ ಹೋದರೆ ಮೊಲದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ಕೆಟ್ಟವು ಬೆಳೆದು, ಮೊಲವೇ ಸಾಯಬಹುದು. ನಾಯಿಯ ಉಣ್ಣಿಗೆ ಹಾಕುವ ಫಿಪ್ರೊನಿಲ್ ಕೂಡ ಅದಕ್ಕೆ ವಿಷ.

ಊರಿನ ಇನ್ನೊಂದು ತುದಿಯಲ್ಲಿ ಮೊಲ ನೋಡುವ ಡಾಕ್ಟರ್ ಸಿಕ್ಕರು. ಅವರು ಹೊಟ್ಟೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿಸಿಕೊಂಡರು. "ಕರುಳಿನ ಸದ್ದೇ ಇಲ್ಲ" ಅಂದರು. ಮೊಲದ ಮೈಬಿಸಿ ಸಾಮಾನ್ಯವಾಗಿ 38.5ರಿಂದ 40 ಡಿಗ್ರಿ ಸೆಲ್ಸಿಯಸ್ ಇರಬೇಕು. ಇಡ್ಲಿಯದು 37ರ ಹತ್ತಿರ ಇತ್ತು. ಎಕ್ಸ್‌ರೇ ತೆಗೆದು ಅಡ್ಡ ಏನೂ ಸಿಕ್ಕಿಕೊಂಡಿಲ್ಲ ಅಂತ ಖಾತ್ರಿ ಮಾಡಿಕೊಂಡರು. ಆಮೇಲೆ ಮೈ ಬೆಚ್ಚಗೆ ಮಾಡಿ, ಡ್ರಿಪ್ ಹಾಕಿ, ನೋವಿಗೆ ಇಂಜೆಕ್ಷನ್ ಕೊಟ್ಟರು. ಕೈ ಕೆಲಸ ಮಾಡುತ್ತಲೇ ನನಗೆ ಪಾಠ ಹೇಳಿದರು.

ಮೊಲದ ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವಲ್ಲಿ ಸೀಕಮ್ ಅನ್ನುವ ಒಂದು ಚೀಲ ಇದೆ. ಅದು ಅದರ ಜಠರಕ್ಕಿಂತ ಹಲವು ಪಟ್ಟು ದೊಡ್ಡದು. ಅದರೊಳಗೆ ಕೋಟ್ಯಂತರ ಸೂಕ್ಷ್ಮಜೀವಿಗಳು ಹುಲ್ಲಿನ ನುಣ್ಣನೆಯ ಭಾಗವನ್ನು ಹುದುಗಿಸುತ್ತವೆ, ರಾತ್ರಿಯಿಡೀ ನಮ್ಮ ಇಡ್ಲಿ ಹಿಟ್ಟು ಹುದುಗುವ ಹಾಗೆ. ಒರಟು ನಾರು ಅಲ್ಲಿಗೆ ಹೋಗದೆ ಗುಂಡು ಗುಂಡು ಹಿಕ್ಕೆಯಾಗಿ ಹೊರಗೆ ಬರುತ್ತದೆ. ಹುದುಗಿದ್ದು ಮೆತ್ತಗೆ, ಮಿರಮಿರ ಮಿಂಚುವ ಗೊಂಚಲಾಗಿ ಬರುತ್ತದೆ. ಮೊಲ ಅದನ್ನು ನೆಲಕ್ಕೆ ಬೀಳಲೂ ಬಿಡದೆ ಬಾಯಿ ಹಾಕಿ ನುಂಗುತ್ತದೆ. ಬಿ ವಿಟಮಿನ್, ಪ್ರೊಟೀನ್ ಎಲ್ಲ ಅದರಲ್ಲೇ ಇರೋದು. ಹಸು ಮೆಲುಕು ಹಾಕುತ್ತೆ, ಮೊಲ ಹೀಗೆ ಮಾಡುತ್ತೆ, ಅಷ್ಟೇ. ಮೊದಲ ಸಲ ಇಡ್ಲಿ ಹೀಗೆ ಮಾಡುವುದನ್ನು ನೋಡಿ ನಾನು "ಥೂ" ಅಂತ ಗದರಿಸಿದ್ದೆ. ಊಟದ ತಟ್ಟೆಯ ಮುಂದೆ ಕೂತವರನ್ನು ಎಬ್ಬಿಸಿ ಕಳಿಸಿದ ಹಾಗೆ.

ಈ ಕರುಳು ನಿಲ್ಲಬಾರದು. ಅದನ್ನು ನಡೆಸುವುದೇ ಒರಟು ನಾರು. ನಾರು ಕಡಿಮೆಯಾದರೆ ಕರುಳು ನಿಧಾನವಾಗುತ್ತದೆ, ಗ್ಯಾಸ್ ತುಂಬುತ್ತದೆ, ನೋಯುತ್ತದೆ. ನೋವಿಗೆ ತಿನ್ನುವುದು ಬಿಡುತ್ತದೆ, ತಿನ್ನದೆ ಕರುಳು ಇನ್ನೂ ನಿಧಾನವಾಗುತ್ತದೆ. ವಾಂತಿ ಮಾಡಿ ಹಗುರಾಗುವ ದಾರಿಯೂ ಇಲ್ಲ, ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. ಅರ್ಧ ದಿನ ಏನೂ ತಿನ್ನಲಿಲ್ಲ ಅಂದರೆ ಅದು ಎಮರ್ಜೆನ್ಸಿ. ನಾನು "ಸುಸ್ತಾಗಿರಬೇಕು" ಅಂತ ಒಂದು ರಾತ್ರಿ ಕಳೆದಿದ್ದೆ.

ಎಲ್ಲ ಶುರುವಾದದ್ದು ಹಲ್ಲಿನಿಂದ. ಮೊಲಕ್ಕೆ 28 ಹಲ್ಲು, ಅಷ್ಟೂ ಸಾಯುವವರೆಗೆ ಬೆಳೆಯುತ್ತಲೇ ಇರುತ್ತವೆ. ಮುಂದಿನ ಬಾಚಿಹಲ್ಲಂತೂ ವಾರಕ್ಕೆ ಸುಮಾರು 2 ಮಿಲಿಮೀಟರ್. ಹಗಲೂ ರಾತ್ರಿ ಒಣಹುಲ್ಲನ್ನು ಅತ್ತಿತ್ತ ಅರೆದರೆ ಮಾತ್ರ ಅವು ಸಮನಾಗಿ ಸವೆಯುತ್ತವೆ. ನಾನು ಹಾಕುತ್ತಿದ್ದದ್ದು ಕ್ಯಾರೆಟ್ಟು, ಅಂಗಡಿಯಲ್ಲಿ ಸಿಗುವ ಬಣ್ಣಬಣ್ಣದ ಕಾಳು ಮಿಶ್ರಣ. ಹಿಂದಿನ ದವಡೆ ಹಲ್ಲು ಸವೆಯದೆ ಮುಳ್ಳಿನ ಹಾಗೆ ಒಳಗೆ ಬೆಳೆದು ನಾಲಿಗೆಯನ್ನು ಕೊಯ್ಯುತ್ತಿತ್ತು. "ಇದು ಒಂದು ದಿನದ್ದಲ್ಲ, ವಾರಗಳಿಂದ ನೋವಿರಬೇಕು" ಅಂದರು ಡಾಕ್ಟರ್. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಮ್ಮಲ್ಲಿ ಒಂದು ಗಾದೆ ಇದೆಯಲ್ಲ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತ. ಹಠಮಾರಿಗಳಿಗೆ ಹೇಳುವ ಮಾತು ಅಂದುಕೊಂಡಿದ್ದೆ. ಆ ದಿನ ವೇಟಿಂಗ್ ರೂಮಿನಲ್ಲಿ ಕೂತಾಗ ಅದು ನನಗೇ ಹೇಳಿದ್ದು ಅನ್ನಿಸಿತು. ಗಾದೆಯ ಮನುಷ್ಯನ ಕೈಯಲ್ಲೇ ಮೊಲ ಇದೆ. ತಲೆ ಬಗ್ಗಿಸಿ ಎಣಿಸಿದರೆ ಸಾಕು. ಎಣಿಸುವುದಿಲ್ಲ, ಯಾಕೆಂದರೆ ಅವನಿಗೆ ಆಗಲೇ ಗೊತ್ತು. ನನಗೂ ಎಲ್ಲ ಗೊತ್ತಿತ್ತು: ಮೊಲ ಅಂದರೆ ಕ್ಯಾರೆಟ್ಟು. ಅಂಗಾತ ಮಲಗಿಸಿದರೆ ಹಾಯಾಗಿ ನಿದ್ದೆ ಹೋಗುತ್ತೆ. ಸುಮ್ಮನಿದ್ದರೆ ಚೆನ್ನಾಗಿದೆ ಅಂತ ಅರ್ಥ.

ಅಂಗಾತ ಮಲಗಿಸಿದ ಇಡ್ಲಿಯ ಒಂದು ರೀಲ್ ಮಾಡಿ "ಯೋಗನಿದ್ರೆ" ಅಂತ ಹಾಕಿದ್ದೆ. ಅದು ನಿದ್ದೆಯಲ್ಲವಂತೆ, ನರಿ ಹದ್ದುಗಳ ಕೈಗೆ ಸಿಕ್ಕಾಗ ಭಯಕ್ಕೆ ಮೈ ಮರಗಟ್ಟುವ ಸ್ಥಿತಿಯಂತೆ. ಎತ್ತಿ ಮುದ್ದಾಡುವುದೂ ಅಷ್ಟೇ. ಬೆಕ್ಕಿನ ಮೈತೂಕದಲ್ಲಿ ಶೇಕಡಾ 12-13 ಮೂಳೆ, ಮೊಲದಲ್ಲಿ ಶೇಕಡಾ 7-8 ಮಾತ್ರ. ಹಿಂಗಾಲಿನ ಸ್ನಾಯುಗಳೋ ಭಾರೀ ಬಲ. ಹಿಂಗಾಲಿಗೆ ಆಧಾರ ಕೊಡದೆ ಎತ್ತಿದರೆ ಕೊಸರಾಡಿ ಒದ್ದು ತನ್ನ ಬೆನ್ನುಮೂಳೆಯನ್ನು ತಾನೇ ಮುರಿದುಕೊಳ್ಳಬಹುದು. ನಾನು ದಿನಾ ತೋರಿಸುತ್ತಿದ್ದ ಪ್ರೀತಿಗೆ ಆ ಮೈ ತಯಾರಾಗಿರಲೇ ಇಲ್ಲ.

ಇಷ್ಟು ಹೇಳಿದ ಮೇಲೆ "ಪ್ರೀತಿ ಸಾಲದು, ಜ್ಞಾನ ಬೇಕು" ಅಂತ ಮುಗಿಸಿಬಿಡಬಹುದು. ಆದರೆ ವಿಷಯ ಅಷ್ಟು ಸಲೀಸಲ್ಲ.

1944ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆಯಲ್ಲಿದ್ದ ಜಾನ್ ಡ್ರೇಜ್ ಮತ್ತು ಸಹೋದ್ಯೋಗಿಗಳು ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಮೊಲದ ಒಂದು ಕಣ್ಣಿಗೆ ರಾಸಾಯನಿಕ ಹಾಕಿ, ಇನ್ನೊಂದನ್ನು ಹಾಗೇ ಬಿಟ್ಟು, ಎಷ್ಟು ಕೆಂಪಾಯಿತು, ಎಷ್ಟು ಮಸುಕಾಯಿತು ಅಂತ ಅಂಕ ಕೊಡುವುದು. ದಶಕಗಳ ಕಾಲ ಶಾಂಪೂ, ಮಸ್ಕಾರಾ ಎಲ್ಲ ಹೀಗೇ ಪಾಸಾಗಿ ಬಂದವು. 1980ರಲ್ಲಿ ಹೆನ್ರಿ ಸ್ಪೀರಾ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಪೂರ್ತಿ ಪುಟದ ಜಾಹೀರಾತು ಕೊಟ್ಟು ಇದನ್ನು ಪ್ರಶ್ನಿಸಿದ. ಭಾರತ 2014ರಲ್ಲಿ ಕಾಸ್ಮೆಟಿಕ್ಸ್‌ಗಾಗಿ ಪ್ರಾಣಿಗಳ ಮೇಲೆ ಪರೀಕ್ಷೆ ನಡೆಸುವುದನ್ನು ನಿಷೇಧಿಸಿತು. ಮೊಲವೇ ಯಾಕೆ ಬೇಕಿತ್ತು? ಕಣ್ಣು ದೊಡ್ಡದು, ಸಾಕುವುದು ಅಗ್ಗ, ಸ್ವಭಾವ ಸಾಧು. ಆ ಜನರಿಗೆ ಮೊಲದ ಮೈ ನನಗಿಂತ ಸಾವಿರ ಪಟ್ಟು ಚೆನ್ನಾಗಿ ಗೊತ್ತಿತ್ತು. ನನ್ನದು ತಿಳಿವಳಿಕೆಯಿಲ್ಲದ ಮುದ್ದು, ಅವರದು ಮುದ್ದಿಲ್ಲದ ತಿಳಿವಳಿಕೆ. ಎರಡಕ್ಕೂ ಮೊಲದ ಮೌನವೇ ಅನುಕೂಲವಾಗಿತ್ತು.

ಮೊಲ ನೋವನ್ನು ಮುಚ್ಚಿಡುವುದಕ್ಕೆ ಕಾರಣ ಇದೆ. ಕುಂಟುವ ಮೊಲವನ್ನೇ ನರಿ ಮೊದಲು ಹಿಡಿಯುವುದು. ಸಾವಿರಾರು ತಲೆಮಾರಿನಿಂದ ಉಳಿದುಬಂದದ್ದು ಏನೂ ಆಗಿಲ್ಲ ಅನ್ನುವ ಹಾಗೆ ಕೂತ ಮೊಲಗಳು. 1789ರಲ್ಲಿ ಪ್ರಕಟವಾದ ತನ್ನ ಪುಸ್ತಕದ ಒಂದು ಅಡಿಟಿಪ್ಪಣಿಯಲ್ಲಿ ಜೆರೆಮಿ ಬೆಂಥಮ್, ಪ್ರಾಣಿಗಳಿಗೆ ಬುದ್ಧಿ ಇದೆಯೇ, ಮಾತು ಬರುತ್ತದೆಯೇ ಅನ್ನುವುದು ಮುಖ್ಯವಲ್ಲ, ಅವು ನೋಯುತ್ತವೆಯೇ ಅನ್ನುವುದೇ ಪ್ರಶ್ನೆ ಎಂದ. ಸರಿ. ಆದರೆ ಇಡ್ಲಿ ನನ್ನ ಮುಂದಿಟ್ಟ ಪ್ರಶ್ನೆ ಅದರ ನಂತರದ್ದು. ನೋಯುತ್ತೆ ಅಂತ ಒಪ್ಪಿಕೊಂಡಾಯ್ತು. ತೋರಿಸಿಕೊಳ್ಳದ ನೋವನ್ನು ಗುರುತಿಸುವುದು ಯಾರ ಹೊಣೆ? ನೋಯುವವರು ಬಂದು ಹೇಳಬೇಕಾ, ಅಥವಾ ಜೊತೆಯಲ್ಲಿ ಇರುವವರು ನೋಡಬೇಕಾ?

ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. "ಮೊಲಕ್ಕೆ ಡ್ರಿಪ್ಪಾ?" ಅಂತ ನಕ್ಕಳು. ನಾನು ನಗಲಿಲ್ಲ ಅಂತ ಗೊತ್ತಾದ ಮೇಲೆ ಹೇಳಿದಳು: "ಅಲ್ಲ ಕಣೇ, ನಿಮ್ಮಜ್ಜಿ ಕೊಟ್ಟಿಗೆಗೆ ಹೋದ್ರೆ ಮೊದ್ಲು ಸಗಣಿ ನೋಡೋಳು. ಆಮೇಲೆ ಮೂಗು ಒದ್ದೆ ಇದ್ಯಾ, ಮೆಲುಕು ಹಾಕ್ತಿದ್ಯಾ ಅಂತ. ಆಮೇಲೇನೇ ಕಾಫಿ." ಅಜ್ಜಿ ತನ್ನ ಹಸುವಿನ ಜೊತೆ ಒಂದು ಫೋಟೋ ಕೂಡ ತೆಗೆಸಿಕೊಂಡವಳಲ್ಲ. ಅಜ್ಜಿಯನ್ನು ಇಲ್ಲಿ ದೇವರು ಮಾಡುವುದೂ ಬೇಡ. ಹಾಲಿನಿಂದ ಮನೆ ನಡೆಯುತ್ತಿತ್ತು, ಅದಕ್ಕೇ ನೋಡುತ್ತಿದ್ದಳು. ಗಂಡುಕರು ಹುಟ್ಟಿದರೆ ಒಂದು ಮಾತೂ ಆಡದೆ ಸಂತೆಗೆ ಕಳಿಸುತ್ತಿದ್ದಳು. ಆದರೂ ದಿನಾ ಬೆಳಿಗ್ಗೆ ನೋಡುತ್ತಿದ್ದಳು. ಪ್ರೀತಿ ಉಕ್ಕಿದ ದಿನ ಮಾತ್ರ ನೋಡುವುದು ಅಂತ ಇರಲಿಲ್ಲ. ನನ್ನ ನೋಟ ಮಾತ್ರ ನನ್ನ ಮೂಡನ್ನು ನೆಚ್ಚಿಕೊಂಡಿತ್ತು.

ಮೊಲದ ಮುಖ ಓದಲು ಆಗುವುದೇ ಇಲ್ಲ ಅಂತೇನಿಲ್ಲ. 2012ರಲ್ಲಿ ವಿಜ್ಞಾನಿಗಳು ಅದಕ್ಕೊಂದು ಅಳತೆಗೋಲು ಮಾಡಿದರು. ಗುರುತಿಗಾಗಿ ಕಿವಿಗೆ ಹಚ್ಚೆ ಹಾಕುವಾಗ ಮೊಲಗಳ ಮುಖ ಹೇಗೆ ಬದಲಾಗುತ್ತದೆ ಅಂತ ನೋಡಿ ಐದು ಗುರುತುಗಳನ್ನು ಪಟ್ಟಿ ಮಾಡಿದರು: ಕಣ್ಣು ಕಿರಿದಾಗುವುದು, ಕೆನ್ನೆ ಚಪ್ಪಟೆಯಾಗುವುದು, ಮೂಗಿನ ಹೊಳ್ಳೆ ಚೂಪಾಗುವುದು, ಮೀಸೆ ಬಿಗಿಯಾಗುವುದು, ಕಿವಿ ಹಿಂದಕ್ಕೆ ಮಡಚುವುದು. ಒಂದೊಂದಕ್ಕೂ ಸೊನ್ನೆ, ಒಂದು, ಎರಡು ಅಂತ ಅಂಕ. ಡ್ರೇಜ್ ಕೊಟ್ಟದ್ದೂ ಅಂಕವೇ. ಅಲ್ಲಿ ಮೊಲದ ನೋವಿನಿಂದ ನಮ್ಮ ಶಾಂಪೂ ಅಳೆದರು, ಇಲ್ಲಿ ಮೊಲದ ನೋವನ್ನು ಅದಕ್ಕಾಗಿಯೇ ಅಳೆದರು.

ಆ ಐದು ಗುರುತು ಇಟ್ಟುಕೊಂಡು ನನ್ನ ನಾನೂರು ಫೋಟೋ ತೆರೆದೆ. ಮೂರು ವಾರ ಹಿಂದಿನದೊಂದು ಸಿಕ್ಕಿತು. ಕಣ್ಣು ಅರ್ಧ ಮುಚ್ಚಿತ್ತು, ಕಿವಿ ಬೆನ್ನಿಗೆ ಒತ್ತಿತ್ತು, ಕೆನ್ನೆಯ ದುಂಡು ಹೋಗಿತ್ತು. "ಸೋಮವಾರ ಬಂತಲ್ಲಪ್ಪಾ" ಅಂತ ಬರೆದು ಹಾಕಿದ್ದೆ. ಸಿಕ್ಕಾಪಟ್ಟೆ ಲೈಕ್ ಬಂದಿತ್ತು.

ಇಡ್ಲಿ ಬದುಕಿತು. ನಾಲ್ಕು ದಿನ ಮೂರು ಗಂಟೆಗೊಮ್ಮೆ ಸಿರಿಂಜಿನಲ್ಲಿ ಅಂಬಲಿಯಂಥ ಹುಲ್ಲಿನ ಹಿಟ್ಟು ತಿನ್ನಿಸಿದೆ. ಹಲ್ಲು ಸರಿ ಮಾಡಿಸಿದೆ. ಗಣಪತಿಗೆ ಏರಿಸುವ ಗರಿಕೆಯನ್ನು ಈಗ ವಾರಕ್ಕೆ ಮೂರು ಸಲ ಮಾರ್ಕೆಟ್ಟಿನಿಂದ ತರುತ್ತೇನೆ, ಮಿಕ್ಕ ಹೊತ್ತೆಲ್ಲ ಒಣಹುಲ್ಲು.

ಆದರೆ ಡಾಕ್ಟರ್ ಹೊರಡುವಾಗ ಹೇಳಿದ ಇನ್ನೊಂದು ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ. ಮೊಲ ಗುಂಪಿನ ಪ್ರಾಣಿ, ಒಂಟಿಯಾಗಿ ಇಡಬಾರದು. ನಾವು ಸಾಕುವ ಮೊಲದ ಮೂಲ ಸ್ಪೇನ್, ಪೋರ್ಚುಗಲ್ ಕಡೆಯದು, ನೆಲದೊಳಗೆ ತಂಪು ಬಿಲ ತೋಡಿ ಬದುಕುವಂಥದ್ದು. ನಮ್ಮ ಕಾಡಿನ ಮೊಲ ಅದರ ದೂರದ ನೆಂಟ ಅಷ್ಟೇ. ಹಾಗಿದ್ದರೆ ಬೆಂಗಳೂರಿನ ಏಪ್ರಿಲ್‌ನಲ್ಲಿ, ಎಂಟನೇ ಮಹಡಿಯಲ್ಲಿ, ಅದನ್ನು ಇಟ್ಟುಕೊಳ್ಳುವುದೇ ತಪ್ಪಲ್ಲವಾ? ತಪ್ಪು ಅಂತಲೇ ನನಗೆ ಅನ್ನಿಸುತ್ತೆ. ಆದರೆ ಹೊರಗೆ ಬಿಟ್ಟರೆ ಒಂದು ದಿನವೂ ಉಳಿಯದ ಜೀವಕ್ಕೆ ನನ್ನ ಪಶ್ಚಾತ್ತಾಪ ಕಟ್ಟಿಕೊಂಡು ಏನಾಗಬೇಕು? ಅಂಗಡಿಯಿಂದ ಇನ್ನೊಂದು ಮೊಲ ತರಲ್ಲ ಅಂತ ತೀರ್ಮಾನಿಸಿದೆ. ಯಾರೋ ಬೇಡವೆಂದು ಬಿಟ್ಟುಹೋದ ಒಂದಕ್ಕೆ ಆಪರೇಷನ್ ಮಾಡಿಸಿ ಜೊತೆಗೆ ತಂದೆ. ಒಂದು ತಪ್ಪನ್ನು ಸರಿಮಾಡಲು ಹೋಗಿ ಜವಾಬ್ದಾರಿ ಎರಡಾಯಿತು. ಬಹುಶಃ ತಪ್ಪು ಸರಿಹೋಗುವುದು ಹೀಗೇ.

ಈಗ ಬೆಳಿಗ್ಗೆ ಎದ್ದ ಕೂಡಲೇ ಫೋನಿಗಿಂತ ಮೊದಲು ಹಿಕ್ಕೆ ನೋಡುತ್ತೇನೆ. ಗಾತ್ರ ಸಣ್ಣದಾಗಿದೆಯಾ, ಸಂಖ್ಯೆ ಕಡಿಮೆಯಾಗಿದೆಯಾ ಅಂತ. ಆಮೇಲೇ ಕಾಫಿ. ಆಫೀಸಿನಲ್ಲಿ ಯಾರಾದರೂ "ಐ ಆಮ್ ಫೈನ್" ಅಂದರೂ ಈಚೆಗೆ ಒಂದು ಕ್ಷಣ ಜಾಸ್ತಿ ಮುಖ ನೋಡುವ ಅಭ್ಯಾಸ ಆಗಿದೆ.

ನಾನು ಹಿಡಿದ ಮೊಲಕ್ಕೆ ಎಷ್ಟು ಕಾಲು ಅಂತ ಈಗ ಕೇಳಿ. ತಾಳಿ, ನೋಡಿ ಹೇಳ್ತೀನಿ.