ಹೆಗಲ ಗಂಟು, ಯಾತ್ರೆಯ ಫಲ

ಬೆಟ್ಟಕ್ಕೆ ಬರುವ ಭಕ್ತಾದಿಗಳಲ್ಲಿ ಕೆಲವರು ಮನೆಯನ್ನೇ ಗಂಟು ಕಟ್ಟಿಕೊಂಡು ಬರುತ್ತಾರೆ. ಇನ್ನು ಕೆಲವರು ಬರಿಗೈಲಿ ಬಂದು, ರಾತ್ರಿ ಚಳಿಯಾದಾಗ ಪಕ್ಕದವರ ಕಂಬಳಿ ಎಳೆಯುತ್ತಾರೆ. ಇವರಲ್ಲಿ ಸರಳರು ಯಾರು? ನಿಜ ಹೇಳಬೇಕೆಂದರೆ ಇಬ್ಬರೂ ಅಲ್ಲ. ಮೊದಲನೆಯವರಿಗೆ ತಮ್ಮ ಗಂಟೇ ಭಾರ; ಎರಡನೆಯವರು ಪರರಿಗೆ ಭಾರ.

1921ರಲ್ಲಿ ಮಧುರೆಯಲ್ಲಿ ಗಾಂಧೀಜಿಯವರು, ಬಡವರಿಗಿಲ್ಲದ ಬಟ್ಟೆ ತಮಗೂ ಬೇಡವೆಂದು ಅಂಗಿ ಬಿಟ್ಟು ತುಂಡು ಪಂಚೆ ಉಟ್ಟರು. 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಲಂಡನ್ನಿಗೆ ಹೋದಾಗಲೂ ಅದೇ ಉಡುಪು. ಆದರೆ ಅಲ್ಲಿನ ಚಳಿಗೆ ಶಾಲು ಹೊದೆಯದೆ ಇರಲಿಲ್ಲ. ಬೇಡದ್ದನ್ನು ಬಿಡುವುದು ವ್ರತ. ಬೇಕಾದ್ದನ್ನೂ ಬಿಟ್ಟು ಪರದಾಡುವುದು ಬರೀ ಹಟ.

ಹಿಂದಿನವರ ಹೆಗಲ ಮೇಲಿನ ಟವೆಲನ್ನೇ ನೋಡಿ. ಬಿಸಿಲಿಗೆ ಅದೇ ರುಮಾಲು, ಸ್ನಾನಕ್ಕೆ ಮೈವಸ್ತ್ರ, ಮಲಗಲು ತಲೆದಿಂಬು, ಪ್ರಸಾದ ಕಟ್ಟಲು ಗಂಟು. ತೆಳು ಹತ್ತಿಯ ಪಂಚೆ, ಸೀರೆ ರಾತ್ರಿ ಹಿಂಡಿ ಗಾಳಿಗೆ ಹರವಿದರೆ ಬೆಳಿಗ್ಗೆ ಹೊತ್ತಿಗೆ ಒಣಗಿರುತ್ತೆ. ಜೀನ್ಸ್ ಪ್ಯಾಂಟು ಅಷ್ಟು ಬೇಗ ಒಣಗೋದಿಲ್ಲ. ಎರಡು ದಿನದ ಯಾತ್ರೆಗೆ ಉಟ್ಟದ್ದೊಂದು, ಒಗೆದದ್ದೊಂದು, ಹೊದೆಯಲೊಂದು, ಜೊತೆಗೊಂದು ಟವೆಲು ಸಾಕು.

ಗಂಟು ಕಟ್ಟುವಾಗ ಎರಡು ಮಾತು ಕೇಳಿಕೊಳ್ಳಿ. ಇದು ಬೇಕೇ ಬೇಕಾ, ಅಥವಾ ನಾಲ್ಕು ಜನ ನೋಡಲಿ ಅಂತಲೋ? ಇದನ್ನು ಬಿಟ್ಟುಬಂದರೆ ಯಾರ ಮುಂದೆ ಕೈಚಾಚಬೇಕಾದೀತು?

ಹೆಗಲು ಹಗುರವಿದ್ದವನಿಗೆ, ಮೆಟ್ಟಿಲ ಮೇಲೆ ದಣಿದು ಕೂತ ಅಜ್ಜಿಯ ಚೀಲ ಹಿಡಿಯಲು ಒಂದು ಕೈ ಬಿಡುವಿರುತ್ತದೆ. ಹಗುರವಾಗಿ ಬಂದದ್ದರ ಫಲ ಅದೇ.