ಅಂಗವಿಕಲ ಶ್ವಾನವೂ ಗೃಹಸ್ಥಧರ್ಮವೂ

ಜೀವರಾಶಿಗಳಲ್ಲಿ ತಾರತಮ್ಯವಿದೆ ಎಂಬುದು ಶ್ರೀಮದಾಚಾರ್ಯರ ಸಿದ್ಧಾಂತದ ಆಧಾರಸ್ತಂಭಗಳಲ್ಲಿ ಒಂದು. ಜೀವ-ಈಶ್ವರರಿಗೆ ಭೇದವಿರುವಂತೆ ಜೀವಜೀವರಿಗೂ ಪರಸ್ಪರ ಭೇದವುಂಟು. ಅವರ ಯೋಗ್ಯತೆಯಲ್ಲಿ ಮೇಲು-ಕೀಳೆಂಬ ಕ್ರಮವುಂಟು. ಬಾಲ್ಯದಿಂದಲೂ ಇದನ್ನು ಕೇಳುತ್ತ ಬಂದ ನಾವು ಒಮ್ಮೊಮ್ಮೆ ಇದರಿಂದ ನಮಗೆ ಅನುಕೂಲವಾದ, ಆದರೆ ಶಾಸ್ತ್ರಸಮ್ಮತವಲ್ಲದ ಒಂದು ನಿರ್ಣಯವನ್ನು ತೆಗೆದುಬಿಡುತ್ತೇವೆ. ಕೆಳಗಿನ ಜೀವದ ನೋವಿಗೆ ಮೇಲಿನವನು ಹೊಣೆಯಲ್ಲ, ಅದು ಅದರ ಕರ್ಮ, ಎಂಬುದೇ ಆ ನಿರ್ಣಯ. ಇದು ಸರಿಯೇ ಎಂದು ಪರೀಕ್ಷಿಸಲು ದೊಡ್ಡ ದೃಷ್ಟಾಂತಗಳು ಬೇಕಿಲ್ಲ. ಹಿಂಗಾಲುಗಳ ಬಲವನ್ನು ಕಳೆದುಕೊಂಡು, ಚಿಕಿತ್ಸೆಯಿಂದ ಬದುಕುಳಿದು, ಈಗ ಒಂದು ಮನೆಗಾಗಿ ಕಾದಿರುವ ಬೀದಿನಾಯಿಯೊಂದು ಸಾಕು.

ಪಡುಬಿದ್ರಿ, ಕಾಪು, ಕಟಪಾಡಿಗಳ ಮೂಲಕ ಉಡುಪಿಗೆ ಬರುವ ರಾಷ್ಟ್ರೀಯ ಹೆದ್ದಾರಿಯು ಚತುಷ್ಪಥವಾದ ಮೇಲೆ ವಾಹನಗಳ ವೇಗ ಹೆಚ್ಚಿತು. ರಸ್ತೆ ದಾಟಲಾರದ ಮೂಕಪ್ರಾಣಿಗಳ ಸಂಕಟವೂ ಹೆಚ್ಚಿತು. ಕಾಪುವಿನ ಬಳಿ ಹೀಗೆ ಏಟು ತಿಂದ ಒಂದು ಹೆಣ್ಣುನಾಯಿಯ ವಿಷಯ ನಮಗೆ ತಿಳಿದಿದೆ. ಮಣಿಪಾಲದಲ್ಲಿ ಓದುತ್ತಿದ್ದ ಕೆಲವು ವಿದ್ಯಾರ್ಥಿಗಳು ಅದನ್ನು ಎತ್ತಿ ತಂದು, ಪಶುವೈದ್ಯರಿಗೆ ತೋರಿಸಿ, ತಮ್ಮ ಬಾಡಿಗೆಯ ಕೋಣೆಯಲ್ಲಿಯೇ ಎರಡು ತಿಂಗಳು ಉಪಚರಿಸಿದರು. ಗಾಯ ಮಾಯಿತು, ಬೆನ್ನುಹುರಿಗೆ ಪೆಟ್ಟಾಗಿದ್ದುದರಿಂದ ಹಿಂಗಾಲುಗಳು ಮಾತ್ರ ಸ್ವಾಧೀನಕ್ಕೆ ಬರಲಿಲ್ಲ. ಪರೀಕ್ಷೆ ಮುಗಿದು ಅವರು ಊರಿಗೆ ಹೊರಡುವ ಕಾಲ ಬಂದಾಗ, ಇದನ್ನು ಯಾರ ಮನೆಯಲ್ಲಿ ಬಿಡುವುದೆಂಬ ಪ್ರಶ್ನೆ ಎದ್ದಿತು. ಪರಿಚಯದ ಮನೆಗಳಲ್ಲಿ ವಿಚಾರಿಸಿದಾಗ ಬಂದ ಉತ್ತರಗಳು ಮುಖ್ಯವಾಗಿ ಮೂರು. ಅದರ ಪ್ರಾರಬ್ಧಕ್ಕೆ ನಾವೇನು ಮಾಡಲು ಸಾಧ್ಯ? ಪೂಜೆ-ಪುನಸ್ಕಾರಗಳಿರುವ ಮನೆಯಲ್ಲಿ ನಾಯಿಯೆಂದರೆ ಮಡಿಯ ಗತಿಯೇನು? ಪ್ರಾಣಿಯ ಮೋಹಕ್ಕೆ ಬಿದ್ದರೆ ಸಾಧನೆ ಕೆಡದೆ? ಈ ಮೂರೂ ಆಸ್ತಿಕರ ಪ್ರಶ್ನೆಗಳೇ. ಆದ್ದರಿಂದ ಇವುಗಳನ್ನು ಹಗುರವಾಗಿ ತಳ್ಳಿಹಾಕದೆ ವಿಚಾರಮಾಡುವುದು ಯುಕ್ತ.

ಮೊದಲನೆಯದು ಪ್ರಾರಬ್ಧದ ಮಾತು. ಪ್ರಾರಬ್ಧವನ್ನು ಅನುಭವಿಸಲೇಬೇಕೆಂಬುದು ದಿಟ. ಆದರೆ ನಮ್ಮ ಮನೆಯ ಮಗುವಿಗೆ ಜ್ವರ ಬಂದಾಗ ನಾವು ಪ್ರಾರಬ್ಧವೆಂದು ಸುಮ್ಮನೆ ಕೂಡುವುದಿಲ್ಲ. ಕಷಾಯ ಕಾಯಿಸುತ್ತೇವೆ, ವೈದ್ಯರಲ್ಲಿಗೆ ಓಡುತ್ತೇವೆ. ಸ್ವಂತದವರಿಗೆ ಪ್ರಯತ್ನ, ಪರರಿಗೆ ಪ್ರಾರಬ್ಧ ಎಂದು ಕರ್ಮಸಿದ್ಧಾಂತವನ್ನು ಎರಡು ತಕ್ಕಡಿಗಳಲ್ಲಿ ತೂಗುವುದು ತತ್ತ್ವನಿಷ್ಠೆಯಲ್ಲ, ಸೋಮಾರಿತನ. ಆ ನಾಯಿಯ ಪ್ರಾರಬ್ಧದಲ್ಲಿ ಗಾಯವು ಬರೆದಿದ್ದಂತೆ ಶುಶ್ರೂಷೆಯೂ ಬರೆದಿರಬಾರದೇಕೆ? ಅದನ್ನು ಬಲ್ಲವನು ಶ್ರೀಹರಿಯೊಬ್ಬನೇ. ಅದರ ಕರ್ಮದ ಲೆಕ್ಕಪತ್ರ ನಮ್ಮ ಕೈಯಲ್ಲಿಲ್ಲ. ಅದು ಬಾಗಿಲಿಗೆ ಬಂದಾಗ ನಾವು ಏನು ಮಾಡಿದೆವು ಎಂಬುದು ಮಾತ್ರ ನಮ್ಮ ಲೆಕ್ಕಕ್ಕೆ ಸೇರುತ್ತದೆ.

ತಾರತಮ್ಯವೂ ಇದಕ್ಕೆ ವಿರೋಧವಲ್ಲ. ಗೀತೆಯ ಐದನೆಯ ಅಧ್ಯಾಯದಲ್ಲಿ ಜ್ಞಾನಿಯ ಸಮದರ್ಶನವನ್ನು ಹೇಳುವಾಗ ಭಗವಂತನು ಹಸು, ಆನೆಗಳೊಡನೆ ನಾಯಿಯನ್ನೂ ಹೆಸರಿಸಿದ್ದಾನೆ. ಈ ಸಾಮ್ಯವು ಜೀವರ ಸಾಮ್ಯವಲ್ಲ; ಆ ಎಲ್ಲ ದೇಹಗಳಲ್ಲಿಯೂ ಅಂತರ್ಯಾಮಿಯಾಗಿ ನೆಲಸಿರುವ ಪರಮಾತ್ಮನ ರೂಪಗಳ ಸಾಮ್ಯ ಎಂಬುದು ನಮ್ಮ ಸಂಪ್ರದಾಯದ ವ್ಯಾಖ್ಯಾನ. ಇದನ್ನು ಮನಸ್ಸಿಟ್ಟು ಚಿಂತಿಸಿದರೆ ಹೊಣೆ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ನಾಯಿಯು ನಮಗೆ ಸಮಾನವಲ್ಲದಿರಬಹುದು, ಅದರೊಳಗಿರುವ ಸ್ವಾಮಿಯು ನಮ್ಮೊಳಗಿರುವವನಿಗಿಂತ ಕಡಿಮೆಯವನಲ್ಲ. ಕಾಲು ಮುರಿದಾಗ ಊನವಾದುದು ದೇಹವೇ ಹೊರತು ಒಳಗಿನ ಬಿಂಬವಲ್ಲ. ಮೇಲಾಗಿ, ತಾರತಮ್ಯದಲ್ಲಿ ಮೇಲಿನವರು ಕೆಳಗಿನವರನ್ನು ಅನುಗ್ರಹಿಸುತ್ತಾರೆ. ವಾಯುದೇವರನ್ನು ನಾವು ಆಶ್ರಯಿಸುವುದೂ ಈ ಭರವಸೆಯಿಂದಲೇ ಅಲ್ಲವೇ? ಮೇಲಿನಿಂದ ಅನುಗ್ರಹವನ್ನು ಬೇಡುವವನು ಕೆಳಗೆ ನೋಡುವಾಗ ಕಣ್ಣು ಮುಚ್ಚಿಕೊಳ್ಳುವುದು ಹೇಗೆ? ಯಜ್ಞದಲ್ಲಿ ಜೀವಂತ ಪಶುವಿನ ಸ್ಥಾನದಲ್ಲಿ ಹಿಟ್ಟಿನ ಪಶುವನ್ನು ಇರಿಸುವ ಪಿಷ್ಟಪಶು ಪದ್ಧತಿಯನ್ನು ಎತ್ತಿಹಿಡಿದ ಪರಂಪರೆ ನಮ್ಮದೆಂಬುದನ್ನು ಇಲ್ಲಿ ನೆನೆಯಬೇಕು.

ಎರಡನೆಯದು ಮಡಿಯ ಪ್ರಶ್ನೆ. ನಾಯಿಯನ್ನು ಅಡಿಗೆಮನೆಗೂ ದೇವರ ಕೋಣೆಗೂ ಬಿಡದಿರುವುದು ನಮ್ಮ ಆಚಾರ. ಅದನ್ನು ಬಿಡಬೇಕೆಂದು ಯಾರೂ ಹೇಳುತ್ತಿಲ್ಲ. ಆದರೆ ಮಡಿಯು ನಮ್ಮ ಮೇಲಿನ ನಿಯಮವೇ ಹೊರತು ಪ್ರಾಣಿಯ ಮೇಲಿನ ತೀರ್ಪಲ್ಲ. ವೈಶ್ವದೇವದ ಅನಂತರ ನೆಲದ ಮೇಲಿಡುವ ಬಲಿಯಲ್ಲಿ ಕಾಗೆಗಳೊಂದಿಗೆ ನಾಯಿಗಳಿಗೂ ಪಾಲನ್ನು ಕೊಟ್ಟದ್ದು ಧರ್ಮಶಾಸ್ತ್ರವೇ. ನಮ್ಮ ಕಡೆಯ ಹಳೆಯ ಮನೆಗಳ ರಚನೆಯೂ ಇದಕ್ಕೆ ಒಪ್ಪುವಂಥದೇ: ಒಳಗೆ ಚಾವಡಿ, ಹೊರಗೆ ಜಗಲಿ, ಮುಂದೆ ಅಂಗಳ, ಪಕ್ಕದಲ್ಲಿ ಹಟ್ಟಿ. ಹೊಸ್ತಿಲಿಗೂ ಬೀದಿಗೂ ನಡುವೆ ಮೂಕಜೀವಿಗಳಿಗೆಂದು ಸ್ಥಳವನ್ನು ಹಿರಿಯರು ಉಳಿಸಿಯೇ ಇದ್ದಾರೆ. ಶುಶ್ರೂಷೆ ಮಾಡಿದವನು ಸ್ನಾನಮಾಡಿ ಪೂಜೆಗೆ ಕುಳಿತರೆ ಆಚಾರಕ್ಕೆ ಯಾವ ಲೋಪವೂ ಇಲ್ಲ. ಬಾವಿಯಲ್ಲಿ ನೀರಿರುವ ತನಕ ಮಡಿಯು ದಯೆಗೆ ಅಡ್ಡಿಯಾಗಲಾರದು.

ಮಹಾಭಾರತದ ಆದಿಪರ್ವದ ಆರಂಭದಲ್ಲಿಯೇ ಇದಕ್ಕೆ ಸಂಬಂಧಿಸಿದ ಒಂದು ಕಥೆಯಿದೆ. ಕುರುಕ್ಷೇತ್ರದಲ್ಲಿ ಜನಮೇಜಯನ ಸತ್ರ ನಡೆಯುತ್ತಿದ್ದಾಗ ದೇವಶುನಿಯಾದ ಸರಮೆಯ ಮರಿಯು ಅಲ್ಲಿಗೆ ಬಂದಿತು. ಅರಸನ ತಮ್ಮಂದಿರು ಅದನ್ನು ಹೊಡೆದರು. ಮರಿಯು ಹವಿಸ್ಸನ್ನು ನೆಕ್ಕಿರಲಿಲ್ಲ, ಕಣ್ಣೆತ್ತಿ ಸಹ ನೋಡಿರಲಿಲ್ಲ. ತಪ್ಪಿಲ್ಲದ ಮಗುವನ್ನು ಏಕೆ ಹೊಡೆದಿರೆಂದು ತಾಯಿಯು ಕೇಳಿದಾಗ ಆ ಯಜ್ಞಶಾಲೆಯಲ್ಲಿ ಒಬ್ಬರೂ ಉತ್ತರಿಸಲಿಲ್ಲ. ಕಾಣದ ಭಯವೊಂದು ನಿಮಗೆ ಬರಲಿ ಎಂದು ಅವಳು ಶಪಿಸಿದಳು. ಆ ಶಾಪದ ಶಮನಕ್ಕಾಗಿ ಅರಸನು ಪುರೋಹಿತನನ್ನು ಅರಸಿ ಹೊರಡಬೇಕಾಯಿತು. ಯಜ್ಞಶಾಲೆಯ ಶುದ್ಧಿಯನ್ನು ಕಾಯುವ ಭರದಲ್ಲಿ ನಿರಪರಾಧಿಯನ್ನು ನೋಯಿಸಿದರೆ ಯಜ್ಞಕರ್ತನಿಗೇ ಕಳಂಕ ತಗಲುವುದೆಂಬುದನ್ನು ವ್ಯಾಸರು ಗ್ರಂಥದ ಹೆಬ್ಬಾಗಿಲಿನಲ್ಲಿಯೇ ನಿಲ್ಲಿಸಿದ್ದಾರೆ.

ಮೂರನೆಯ ಪ್ರಶ್ನೆ ಮೋಹದ್ದು. ಭಾಗವತದ ಐದನೆಯ ಸ್ಕಂಧದ ಭರತನ ಕಥೆಯನ್ನು ಪ್ರವಚನಗಳಲ್ಲಿ ಕೇಳದವರಿಲ್ಲ. ಹೊಳೆಯಲ್ಲಿ ಕೊಚ್ಚಿಹೋಗುತ್ತಿದ್ದ ಜಿಂಕೆಯ ಮರಿಯನ್ನು ಎತ್ತಿ ತಂದ ರಾಜರ್ಷಿಯು ಅದರ ಚಿಂತೆಯಲ್ಲಿಯೇ ದೇಹಬಿಟ್ಟು ಜಿಂಕೆಯಾಗಿ ಹುಟ್ಟಿದನು. ಆದರೆ ಅವನ ಸ್ಖಲನವು ಎಲ್ಲಾಯಿತೆಂಬುದನ್ನು ನೋಡಬೇಕು. ಅನಾಥವಾದ ಮರಿಯನ್ನು ನೀರಿನಿಂದ ಎತ್ತಿದ್ದು ದೋಷವಲ್ಲ. ನಿತ್ಯನಿಯಮಗಳು ಒಂದೊಂದಾಗಿ ಜಾರಿ, ಭಗವಂತನ ಸ್ಮರಣೆಯ ಸ್ಥಾನದಲ್ಲಿ ಜಿಂಕೆಯ ಸ್ಮರಣೆ ಬಂದು ಕುಳಿತದ್ದು ದೋಷ. ಹಾಗಾದರೆ ಪರಿಹಾರವು ಮರಿಯನ್ನು ಹೊಳೆಗೆ ಬಿಡುವುದರಲ್ಲಿಲ್ಲ. ಎತ್ತಿದ ಕೈಯೂ ಹರಿಯ ಪ್ರೇರಣೆಯಿಂದಲೇ ಆಡಿತೆಂದು ತಿಳಿದು, ಆ ಸೇವೆಯನ್ನೂ ಅವನಿಗೇ ಒಪ್ಪಿಸುವುದರಲ್ಲಿದೆ. ನನ್ನ ನಾಯಿ ಎಂಬಲ್ಲಿ ಮೋಹವಿದೆ. ಅವನು ನನ್ನ ವಶಕ್ಕೆ ಕೊಟ್ಟ ಜೀವ ಎಂಬಲ್ಲಿ ಪೂಜೆಯಿದೆ.

ಇನ್ನು ಲೌಕಿಕದ ಮಾತು. ಜೀವಿಗಳಲ್ಲಿ ಕರುಣೆಯು ಪ್ರಜೆಯ ಮೂಲಭೂತ ಕರ್ತವ್ಯವೆಂದು ೧೯೭೬ರಲ್ಲಿ ನಮ್ಮ ಸಂವಿಧಾನಕ್ಕೆ ಸೇರಿತು. ಸಾಕಿದ ಪ್ರಾಣಿಯನ್ನು ಹಸಿವು-ಬಾಯಾರಿಕೆಗಳಿಂದ ನರಳುವಂತೆ ಬಿಟ್ಟುಹೋಗುವುದು ೧೯೬೦ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯಂತೆ ಅಪರಾಧ. ಆದರೆ ಮೊದಲ ತಪ್ಪಿಗೆ ಆ ಕಾಯಿದೆಯು ವಿಧಿಸಿದ ದಂಡ ೧೦ರಿಂದ ೫೦ ರೂಪಾಯಿ. ದಂಡದ ಭಯದಿಂದ ಯಾರೂ ಈ ಧರ್ಮವನ್ನು ಪಾಲಿಸಲಾರರೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ೨೦೨೩ರ ನಿಯಮಗಳಂತೆ ಬೀದಿನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ಹುಚ್ಚುನಾಯಿ ರೋಗದ ಲಸಿಕೆ ಹಾಕಿ, ಹಿಡಿದಲ್ಲಿಗೇ ಮರಳಿ ಬಿಡುವುದು ಸಾಮಾನ್ಯ ಕ್ರಮ. ೨೦೨೫ರ ನವೆಂಬರ್ ೭ರಂದು ಸರ್ವೋಚ್ಚ ನ್ಯಾಯಾಲಯವು, ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣಗಳಂಥ ಸ್ಥಳಗಳಿಂದ ನಾಯಿಗಳನ್ನು ಆಶ್ರಯತಾಣಗಳಿಗೆ ಒಯ್ದು, ಅಲ್ಲಿಗೆ ಮರಳಿ ಬಿಡಬಾರದೆಂದು ಆಜ್ಞಾಪಿಸಿತು. ಮಕ್ಕಳನ್ನು ನಾಯಿ ಕಚ್ಚುವ ಭಯ ನಿಜವಾದುದೇ. ಅದನ್ನು ಅಲ್ಲಗಳೆಯುವುದು ದಯೆಯಲ್ಲ. ಆದರೆ ನಡೆಯಲಾರದ ನಾಯಿಗೆ ಬೀದಿಗೆ ಮರಳುವ ದಾರಿಯೂ ಇಲ್ಲ, ಕಿಕ್ಕಿರಿದ ಆಶ್ರಯತಾಣದಲ್ಲಿ ಬಲಿಷ್ಠವಾದವುಗಳ ನಡುವೆ ಬಾಳುವ ಶಕ್ತಿಯೂ ಇಲ್ಲ. ಮಂಗಳೂರಿನ ಶಕ್ತಿನಗರದಲ್ಲಿ ಅನಿಮಲ್ ಕೇರ್ ಟ್ರಸ್ಟಿನಂಥ ಸಂಸ್ಥೆಯು ಅನಾಥಪ್ರಾಣಿಗಳಿಗೆ ಆಸರೆಯಾಗಿರುವುದು ಶ್ಲಾಘ್ಯ. ಆದರೆ ಒಂದು ಸಂಸ್ಥೆಯು ಎಷ್ಟು ಜೀವಗಳನ್ನು ಹೊರಬಲ್ಲುದು? ಕೊನೆಗೆ ಬೇಕಾದುದು ಮನೆಯೇ.

ಆದರೆ ಎಂಥ ಮನೆ? ಇಲ್ಲಿ ದಯಾವಂತರೂ ಎಡವುವುದುಂಟು. ಯಾರಾದರೂ ಹೂಂ ಎಂದ ಕೂಡಲೆ ಒಪ್ಪಿಸಿ ಕೈತೊಳೆದುಕೊಂಡರೆ ಅದು ಮನೆ ಹುಡುಕಿದಂತಲ್ಲ. ದಾನಕ್ಕೆ ಪಾತ್ರವನ್ನು ಪರೀಕ್ಷಿಸಬೇಕೆನ್ನುವ ಶಾಸ್ತ್ರ ಇಲ್ಲಿಯೂ ಅನ್ವಯಿಸುತ್ತದೆ. ಹಿಂಭಾಗ ಸ್ವಾಧೀನವಿಲ್ಲದ ನಾಯಿಗೆ ಮೂತ್ರವು ತಾನಾಗಿ ಹೋಗದಿದ್ದರೆ, ದಿನಕ್ಕೆ ಹಲವು ಬಾರಿ ಹೊಟ್ಟೆಯನ್ನು ಮೃದುವಾಗಿ ಒತ್ತಿ ಹೊರಡಿಸಬೇಕು. ಆ ಕ್ರಮವನ್ನು ಪಶುವೈದ್ಯರಿಂದ ಕಲಿಯಬೇಕು. ಒಂದೇ ಮಗ್ಗುಲಲ್ಲಿ ಬಿದ್ದಿದ್ದರೆ ಹುಣ್ಣಾಗುವುದರಿಂದ ಆಗಾಗ ಮಗ್ಗುಲು ಬದಲಿಸಬೇಕು, ಹಾಸು ಒಣಗಿರಬೇಕು. ನುಣುಪಾದ ನೆಲದಲ್ಲಿ ಅದು ಜಾರುತ್ತದೆ. ಗೋಣಿ ಹಾಸಿದ ಜಗಲಿಯೇ ಮೇಲು. ಹಿಂಭಾಗವನ್ನು ಹೊರುವ ಚಕ್ರದ ಗಾಡಿಯನ್ನು ಕಟ್ಟಿದರೆ ಅಂಗಳವೆಲ್ಲ ಓಡಾಡೀತು, ಆದರೆ ದಿನವಿಡೀ ಕಟ್ಟಿಡಬಾರದು. ಹಗಲಿನಲ್ಲಿ ಮನೆಯಲ್ಲಿರುವವರು ಯಾರು? ಮದುವೆ-ಮುಂಜಿಗೆಂದು ನಾಲ್ಕು ದಿನ ಬೆಂಗಳೂರಿಗೋ ಮುಂಬಯಿಗೋ ಹೋದರೆ ನೋಡುವವರು ಯಾರು? ಇವನ್ನೆಲ್ಲ ಮುಚ್ಚಿಟ್ಟು ಕೊಡುವುದು ಅಸತ್ಯ. ಕೇಳಿಯೂ ಆಗದೆಂದವರು ಪಾಪಿಗಳಲ್ಲ. ತಮ್ಮ ಶಕ್ತಿಯನ್ನು ಅರಿತು ನುಡಿದ ಸತ್ಯವಂತರು. ಆಗದ್ದನ್ನು ಆಗುವುದೆಂದು ಮಾತುಕೊಟ್ಟು ತಿಂಗಳೊಳಗೆ ಕೈಬಿಡುವುದೇ ಹೆಚ್ಚಿನ ಅಪರಾಧ. ನೋವು ಯಾವ ಔಷಧಕ್ಕೂ ಬಗ್ಗದಿರುವಾಗ ಏನು ಮಾಡಬೇಕೆಂಬುದನ್ನು ವೈದ್ಯರು ನಿರ್ಧರಿಸಲಿ. ನಮ್ಮ ಅನನುಕೂಲವು ಮಾತ್ರ ಅದರ ಸಾವಿಗೆ ಕಾರಣವಾಗಬಾರದು.

ಮೇಲೆ ಹೇಳಿದ ಹೆಣ್ಣುನಾಯಿಗೆ ಕೊನೆಗೆ ಕಾರ್ಕಳದ ಕಡೆಯ ಒಂದು ಮನೆ ಒದಗಿತು. ದನಗಳಿಲ್ಲದೆ ಬರಿದಾಗಿದ್ದ ಹಟ್ಟಿ, ಮನೆಯಲ್ಲಿಯೇ ಇರುವ ವಯಸ್ಸಾದ ದಂಪತಿಗಳು. ಅವರು ಒಪ್ಪುವ ಮೊದಲು ಹದಿನೈದು ದಿನ ಇಟ್ಟುಕೊಂಡು ನೋಡುತ್ತೇವೆ, ಆಗದಿದ್ದರೆ ತಿಳಿಸುತ್ತೇವೆ ಎಂದರು. ವಿದ್ಯಾರ್ಥಿಗಳೂ ಆಗದಿದ್ದರೆ ನಾವೇ ಬಂದು ಒಯ್ಯುತ್ತೇವೆಂದು ಮಾತುಕೊಟ್ಟು, ಔಷಧದ ವೆಚ್ಚವನ್ನು ತಾವು ಕಳುಹಿಸುವುದಾಗಿ ಹೇಳಿದರು. ಇಟ್ಟುಕೊಂಡವರು ಒಬ್ಬರು, ಖರ್ಚು ಹೊತ್ತವರು ಇನ್ನೊಬ್ಬರು, ಹೊಣೆ ಇಬ್ಬರದೂ. ಎಲ್ಲರೂ ನಾಯಿಯನ್ನು ಸಾಕಬೇಕಾಗಿಲ್ಲ. ಸಾಕುವವರ ಬೆನ್ನಿಗೆ ನಿಲ್ಲುವುದು ಎಲ್ಲರಿಗೂ ಸಾಧ್ಯ.

ಮಹಾಭಾರತದ ಹೆಬ್ಬಾಗಿಲಿನಲ್ಲಿ ಏಟು ತಿಂದ ನಾಯಿಯಿರುವಂತೆ ಅದರ ಕೊನೆಯ ಭಾಗದಲ್ಲಿ, ಮಹಾಪ್ರಸ್ಥಾನಿಕಪರ್ವದಲ್ಲಿ, ಆಶ್ರಯ ಪಡೆದ ನಾಯಿಯಿದೆ. ನಾಯಿಯನ್ನು ಬಿಟ್ಟು ರಥವೇರೆಂದು ಇಂದ್ರನೇ ಹೇಳಿದರೂ ಧರ್ಮರಾಜನು ಒಪ್ಪಲಿಲ್ಲ; ನಂಬಿ ಬಂದುದನ್ನು ತೊರೆಯುವುದು ಮಹಾಪಾತಕಗಳಿಗೆ ಸಮನೆಂದನು. ಅದು ಧರ್ಮದೇವತೆಯೆಂದು ಅವನಿಗೆ ಆಗ ತಿಳಿದಿರಲಿಲ್ಲ; ತಿಳಿದು ನಿಂತಿದ್ದರೆ ಅದು ಪರೀಕ್ಷೆಯೇ ಆಗುತ್ತಿರಲಿಲ್ಲ. ನಮ್ಮ ಅಂಗಳಕ್ಕೆ ತೆವಳಿ ಬರುವ ನಾಯಿಯೂ ಯಾವ ಗುರುತನ್ನೂ ತೋರಿಸುವುದಿಲ್ಲ.

ಮಳೆಗಾಲದಲ್ಲಿ ನೆಲದ ಮೇಲೆ ಹುಟ್ಟುವ ಸಣ್ಣ ಜೀವಿಗಳು ಕಾಲಿಗೆ ಸಿಕ್ಕಿ ಸಾಯಬಾರದೆಂದು ಯತಿಗಳು ಚಾತುರ್ಮಾಸ್ಯದಲ್ಲಿ ಒಂದೆಡೆ ನಿಲ್ಲುತ್ತಾರೆ. ಸಂನ್ಯಾಸಿಗಳಿಗೆ ನಡೆಯದಿರುವುದೇ ವ್ರತ. ಗೃಹಸ್ಥರಿಗೆ, ನಡೆಯಲಾರದ ಒಂದು ಜೀವಕ್ಕೆ ಜಗಲಿಯ ಮೂಲೆಯನ್ನು ಬಿಟ್ಟುಕೊಡುವುದು ವ್ರತವಾಗಲಿ. ಮನೆಯಲ್ಲಿ ಸ್ಥಳವಿರುವ ಸಜ್ಜನರು ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಲಿ. ಸ್ಥಳವಿಲ್ಲದವರು ಔಷಧಕ್ಕೋ ಹಾಸಿಗೋ ತಮ್ಮ ಕೈಲಾದುದನ್ನು ಕೊಡಲಿ. ಅದನ್ನು ಮಾಡಿಸುವವನೂ, ಸ್ವೀಕರಿಸುವವನೂ ಉಡುಪಿಯ ಶ್ರೀಕೃಷ್ಣನೇ ಎಂಬ ಅನುಸಂಧಾನವೊಂದು ನಮ್ಮಲ್ಲಿರಲಿ.

ಶ್ರೀಕೃಷ್ಣಾರ್ಪಣಮಸ್ತು.