ನಾವೆಗಿಂತ ಮೊದಲು ಬಂದ ನೀರು

ತಾನೇ ತಂದ ಆಪತ್ತಿನಿಂದ ಒಂದು ಜೀವವನ್ನು ಉಳಿಸಿದರೆ ಅದು ಪುಣ್ಯವೋ, ಋಣದ ಒಂದು ಪಾಲನ್ನು ತೀರಿಸಿದಂತೆಯೋ? ಆಫ್ರಿಕಾದ ಜಾಂಬೆಜಿ ಕಣಿವೆಯ ಇತಿಹಾಸ ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದಂತೆ ಎತ್ತುತ್ತದೆ. ಇಂದಿನ ಜಾಂಬಿಯಾ, ಜಿಂಬಾಬ್ವೆಗಳ ಗಡಿಯಲ್ಲಿ ಕಟ್ಟಿದ ಕರೀಬಾ ಅಣೆಕಟ್ಟು 1958ರ ಡಿಸೆಂಬರಿನಲ್ಲಿ ನದಿಯನ್ನು ತಡೆಯಿತು. ನೀರು ಏರಿದಂತೆ ಗುಡ್ಡದ ನೆತ್ತಿಗಳು ದ್ವೀಪಗಳಾದವು. ಪ್ರಾಣಿಗಳು ಮೇವಿಲ್ಲದೆ ಅಲ್ಲೇ ಸಿಕ್ಕಿಬಿದ್ದವು. ವನ್ಯಜೀವಿ ಅಧಿಕಾರಿ ರೂಪರ್ಟ್ ಫಾದರ್‌ಗಿಲ್ ಮತ್ತು ಸಂಗಡಿಗರು 'ಆಪರೇಷನ್ ನೋಹ' ಎಂಬ ಹೆಸರಿನಲ್ಲಿ ವರ್ಷಗಟ್ಟಲೆ ದೋಣಿಯಲ್ಲಿ ಅಲೆದು ಸುಮಾರು 6,000 ಪ್ರಾಣಿಗಳನ್ನು ದಡ ಸೇರಿಸಿದರು. ಒರಟು ಹಗ್ಗದಿಂದ ಕಟ್ಟಿದರೆ ಅವುಗಳ ಕಾಲು ತರಚೀತೆಂದು ಹೆಂಗಸರ ನೈಲಾನ್ ಕಾಲುಚೀಲಗಳನ್ನು ಹೆಣೆದು ಹಗ್ಗ ಮಾಡಿಕೊಂಡರು. ಆ ಕರುಣೆ ನಿಜವಾದದ್ದು, ಗೌರವಕ್ಕೆ ಅರ್ಹವಾದದ್ದು.

ಆದರೆ ಬೈಬಲಿನ ನೋಹ ನಾವೆ ಕಟ್ಟಿದ್ದು ಮಳೆ ಸುರಿಯುವ ಮೊದಲು. ಕರೀಬಾದಲ್ಲಿ ಪ್ರಳಯವನ್ನು ತಂದವರೂ ಮನುಷ್ಯರೇ, ದೋಣಿಗಳು ಬಂದದ್ದೂ ನೀರಿನ ಹಿಂದೆಯೇ. ಹಾನಿಗೆ ಮುಂಚೆಯೇ ದಯೆಯ ಮಾತು ನಡೆದಾಗ ಮಾತ್ರ ಅದು ಧರ್ಮವಾಗುತ್ತದೆ ಎಂಬುದು ನನ್ನ ವಾದ. ಅಲ್ಲಿ ಹಾಗೆ ನಡೆಯಲಿಲ್ಲವೆಂಬುದಕ್ಕೆ ಆ ಕಣಿವೆಯಲ್ಲಿ ನೆಲೆಸಿದ್ದ ಟೋಂಗಾ ಜನರೇ ಸಾಕ್ಷಿ. ನದಿಯಲ್ಲಿ ನ್ಯಾಮಿನ್ಯಾಮಿ ಎಂಬ ದೈವ ನೆಲೆಸಿದೆಯೆಂದು ನಂಬಿದ್ದ ಆ ಸಮುದಾಯದ ಸುಮಾರು 57,000 ಮಂದಿಯನ್ನು ಒಕ್ಕಲೆಬ್ಬಿಸಲಾಯಿತು. ಹಿರಿಯರ ಸಮಾಧಿಗಳು, ಮಳೆಗಾಗಿ ಪ್ರಾರ್ಥಿಸುತ್ತಿದ್ದ ತಾಣಗಳು ಮುಳುಗಿದವು. ಬಿಟ್ಟು ಹೋಗಲೊಲ್ಲದೆ ಎದುರು ನಿಂತವರಲ್ಲಿ ಎಂಟು ಮಂದಿ 1958ರಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ಪ್ರಾಣಿಗಳ ಸಂಕಟಕ್ಕೂ ಜನರ ಸಂಕಟಕ್ಕೂ ಬೇರು ಒಂದೇ: ಯೋಜನೆ ಹಾಕಿದವರ ಕಣ್ಣಿಗೆ ಕಣಿವೆ ನೀರು ತುಂಬಿಸಬೇಕಾದ ಖಾಲಿ ಬೋಗುಣಿಯಾಗಿತ್ತು.

ವಿದ್ಯುತ್ ಬೇಡವೇ, ಆಸ್ಪತ್ರೆಗೂ ಕಾರ್ಖಾನೆಗೂ ಬೆಳಕು ಬೇಡವೇ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಎರಡು ದೇಶಗಳು ಕರೀಬಾದ ವಿದ್ಯುತ್ತನ್ನು ನೆಚ್ಚಿ ಬದುಕಿವೆ. ಆದರೆ ಒಳಿತು ದೊಡ್ಡದೆಂಬ ಕಾರಣಕ್ಕೆ, ನೆಲ ಕಳೆದುಕೊಂಡವರನ್ನು ಕೇಳದೆ ಬೆಲೆ ತೆರಿಸುವ ಹಕ್ಕು ಯಾರಿಗೂ ಬರುವುದಿಲ್ಲ. ಬೆಳಕು ಬಹುಪಾಲು ಗಣಿಗಳಿಗೂ ನಗರಗಳಿಗೂ ಹೋಗಿ, ದಡದ ಎಷ್ಟೋ ಟೋಂಗಾ ಹಳ್ಳಿಗಳು ದಶಕಗಳ ಕಾಲ ಕತ್ತಲಲ್ಲೇ ಉಳಿದವು. ಆ ಒಳಿತೂ ಶಾಶ್ವತವಲ್ಲ. 2022ರ ಕೊನೆಗೆ ಜಲಾಶಯದಲ್ಲಿ ವಿದ್ಯುತ್ತಿಗೆ ಬಳಸಬಹುದಾದ ನೀರು ಶೇ 5ಕ್ಕಿಂತ ಕೆಳಗಿಳಿಯಿತು. ಪ್ರವಾಹದಲ್ಲಿ ಪ್ರಾಣಿಗಳು ಸಾಯುವುದು ಪ್ರಕೃತಿ ಸಹಜ ಎನ್ನುವವರೂ ಇದ್ದಾರೆ. ನಿಜ, ಆದರೆ ಪ್ರಕೃತಿಯ ನೆರೆಗೆ ಕರ್ತೃವಿಲ್ಲ. ಅಣೆಕಟ್ಟಿನ ಹಿಂದೆ ಸಹಿ ಹಾಕಿದ ಕೈಗಳಿವೆ. ಕರ್ತೃ ಇದ್ದಲ್ಲಿ ಹೊಣೆಯೂ ಇರುತ್ತದೆ.

ಮೊದಲೇ ತಡೆದುಕೊಳ್ಳುವುದು ಆಗದ ಮಾತೇನಲ್ಲ. ಕರೀಬಾದಿಂದ ಕೆಳಗೆ, ಅದೇ ನದಿಯ ದಡದ ಮಾನಾ ಪೂಲ್ಸ್ ಎಂಬ ವನ್ಯಜೀವಿ ಬಯಲಿನಲ್ಲಿ ಒಣಗಾಲದಲ್ಲಿ ಕಾಯಿ ಬಿಡುವ ಜಾಲಿ ಬಳಗದ ಮರಗಳಿವೆ. ಮೇಲಿನ ಕೊಂಬೆ ಎಟುಕಿಸಿಕೊಳ್ಳಲು ಅಲ್ಲಿನ ಕೆಲವು ಆನೆಗಳು ಹಿಂಗಾಲಿನ ಮೇಲೆ ನಿಲ್ಲುತ್ತವೆ. ಈ ಬಯಲನ್ನು ಮುಳುಗಿಸಬಹುದಾಗಿದ್ದ ಮುಪಾಟಾ ಕಮರಿಯ ಅಣೆಕಟ್ಟು ಯೋಜನೆಯನ್ನು ವಿರೋಧದ ಬಳಿಕ ಕೈಬಿಡಲಾಯಿತು. 1984ರಲ್ಲಿ ಮಾನಾ ಪೂಲ್ಸ್ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅಲ್ಲಿ ಯಾರೂ ಯಾವ ಆನೆಯನ್ನೂ ದೋಣಿಗೆ ಹತ್ತಿಸಬೇಕಾಗಲಿಲ್ಲ. ಹೊಗಳಿಕೆ ಸಿಗುವುದು ರಕ್ಷಣೆಗೆ. ಸಂಯಮ ಯಾರ ಕಣ್ಣಿಗೂ ಬೀಳದು. ಆದರೂ ಇವೆರಡರಲ್ಲಿ ಸಂಯಮವೇ ಹೆಚ್ಚಿನ ಧರ್ಮ. ಸಂರಕ್ಷಣೆಯ ಹೆಸರಿನಲ್ಲಿ ನಾವು ಮೊದಲು ರೂಢಿಸಿಕೊಳ್ಳಬೇಕಾದದ್ದೂ ಅದನ್ನೇ.